ಮೊದಲು ಯಾವ ಕೆಲಸ? ಫೋನ್ ಬಂದದ್ದಲ್ಲ

‘ಜುಲೈ ಬಂತೆಂದರೆ ನಿಮ್ಮ ಆಫೀಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೂ ಸಂಜೆ ಏಳಕ್ಕೆ ಬಾಗಿಲು ಹಾಕಿಕೊಂಡು ಹೋಗುತ್ತೀರಲ್ಲ, ಹೇಗೆ ಮೇಡಂ?’ ಕಕ್ಷಿದಾರರು ಕೇಳುತ್ತಾರೆ, ನೆಂಟರು ಕೇಳುತ್ತಾರೆ, ಹೊಸದಾಗಿ ಕಸುಬಿಗೆ ಇಳಿದವರಂತೂ ಪೆನ್ನು ಹಿಡಿದೇ ಕೇಳುತ್ತಾರೆ. ಶಿವಮೊಗ್ಗದಲ್ಲಿ ತೆರಿಗೆ ಮತ್ತು ಲೆಕ್ಕಪತ್ರದ ಕೆಲಸ ನನ್ನದು. ಅಡಿಕೆ ವ್ಯಾಪಾರಿಗಳು, ಬಟ್ಟೆ ಅಂಗಡಿಯವರು, ಗುತ್ತಿಗೆದಾರರು, ಶಾಲಾ ಶಿಕ್ಷಕರು ಎಲ್ಲರೂ ಬರುತ್ತಾರೆ. ಏನೋ ಗುಟ್ಟಿದೆ ಎಂದುಕೊಂಡು ಕೇಳುವವರಿಗೆ ನನ್ನ ಉತ್ತರ ಸಪ್ಪೆ ಎನಿಸಬಹುದು. ಬಂದ ಕೆಲಸವನ್ನೆಲ್ಲ ನಾನು ಅಂದೇ ಮಾಡುವುದಿಲ್ಲ. ಯಾವುದನ್ನು ಇಂದೇ ಮಾಡಲೇಬೇಕು ಎಂಬುದನ್ನು ಮಾತ್ರ ಬಹಳ ಕಟ್ಟುನಿಟ್ಟಾಗಿ ಆರಿಸುತ್ತೇನೆ.

ಆರಿಸಲು ಒಂದೇ ಅಳತೆಗೋಲು: ಇದು ತಡವಾದರೆ ಆಗುವ ನಷ್ಟವನ್ನು ಆಮೇಲೆ ದುಡ್ಡು ಕೊಟ್ಟಾದರೂ ಸರಿಪಡಿಸಬಹುದೇ?

ನಮ್ಮ ಕಸುಬಿನಲ್ಲಿ ಪ್ರತಿ ಕೆಲಸಕ್ಕೂ ಒಂದು ತಾರೀಖು ಅಂಟಿಕೊಂಡಿರುತ್ತದೆ. ಹಣ ಕೊಡುವಾಗಲೇ ಹಿಡಿದುಕೊಂಡ ತೆರಿಗೆ, ಅಂದರೆ ಟಿಡಿಎಸ್ ಕಟ್ಟಲು ಮರುತಿಂಗಳ 7, ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11, ಜಿಎಸ್‌ಟಿ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಗೆ 20. ಸಂಬಳದಾರರ ಆದಾಯ ತೆರಿಗೆ ರಿಟರ್ನಿಗೆ ಜುಲೈ 31. ಹಾಗಾದರೆ ತಾರೀಖಿನ ಪ್ರಕಾರ ಮಾಡುತ್ತ ಹೋದರೆ ಆಯಿತಲ್ಲ ಎನ್ನಬಹುದು. ಆಗುವುದಿಲ್ಲ. ಒಂದೇ ತಾರೀಖಿನ ಎರಡು ಕೆಲಸಗಳ ತೂಕ ಒಂದೇ ಅಲ್ಲ. ಜುಲೈ 31ನ್ನೇ ನೋಡಿ. ಶಿಕ್ಷಕರೊಬ್ಬರ ರಿಟರ್ನ್ ತಡವಾದರೆ ಐದು ಸಾವಿರ ರೂಪಾಯಿ ತನಕ ವಿಳಂಬ ಶುಲ್ಕ, ಆದಾಯ ಐದು ಲಕ್ಷ ದಾಟದಿದ್ದರೆ ಒಂದು ಸಾವಿರ. ಬೇಸರದ ಸಂಗತಿಯೇ, ಆದರೆ ಕಟ್ಟಿದರೆ ಮುಗಿಯಿತು. ಅದೇ ಸಾಲಿನಲ್ಲಿ ಷೇರುಪೇಟೆಯಲ್ಲಿ ದುಡ್ಡು ಕಳೆದುಕೊಂಡ ಯುವಕನ ಫೈಲೂ ಇದೆ ಎನ್ನಿ. ಆತ ತಾರೀಖಿನೊಳಗೆ ರಿಟರ್ನ್ ಸಲ್ಲಿಸಿದರೆ ಆ ನಷ್ಟವನ್ನು ಮುಂದಿನ ಎಂಟು ವರ್ಷಗಳ ಲಾಭದಲ್ಲಿ ಕಳೆಯಬಹುದು. ತಡವಾದರೆ ಆ ಹಕ್ಕೇ ಹೋಗುತ್ತದೆ. ಸಾಮಾನ್ಯವಾಗಿ ಶಿಕ್ಷಕರು ದಿನಕ್ಕೆರಡು ಬಾರಿ ಫೋನ್ ಮಾಡಿ ವಿಚಾರಿಸುತ್ತಾರೆ. ನಷ್ಟದ ವಿಷಯ ಎತ್ತಲು ಮುಜುಗರಪಡುವ ಯುವಕ ಫೋನೇ ಮಾಡುವುದಿಲ್ಲ. ನನ್ನ ಮೇಜಿನ ಮೇಲೆ ಆತನ ಫೈಲು ಮೇಲಿರುತ್ತದೆ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಕಚೇರಿಗಳು ನಡೆಯುವುದೂ ಬಹುಮಟ್ಟಿಗೆ ಹೀಗೆಯೇ. ಜೋರಾಗಿ ಕೇಳಿದವರ ಕೆಲಸ ಮೊದಲು. ಇದು ನಮ್ಮ ದಾಕ್ಷಿಣ್ಯದಿಂದ ಮಾತ್ರ ಆಗುವುದಲ್ಲ. 2018ರಲ್ಲಿ ‘ಜರ್ನಲ್ ಆಫ್ ಕನ್ಸ್ಯೂಮರ್ ರಿಸರ್ಚ್’ನಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಪರೀಕ್ಷೆಗೆ ಒಡ್ಡಿತ್ತು. ಎರಡು ಕೆಲಸಗಳಲ್ಲಿ ಒಂದಕ್ಕೆ ಪ್ರತಿಫಲ ಕಡಿಮೆ, ಆದರೆ ಬೇಗ ಗಡುವು ಮುಗಿಯುವಂತೆ ತೋರುತ್ತದೆ. ಇನ್ನೊಂದಕ್ಕೆ ಪ್ರತಿಫಲ ಹೆಚ್ಚು, ಸಮಯವೂ ಹೆಚ್ಚು. ಕಡಿಮೆ ಸಿಗುತ್ತದೆಂದು ಗೊತ್ತಿದ್ದರೂ ಗಡುವಿನ ಕೆಲಸದ ಕಡೆಗೆ ವಾಲಿದವರು ಬಹಳ ಮಂದಿ. ಗಡಿಯಾರ ಕಂಡರೆ ಸಾಕು, ನಮ್ಮ ಲೆಕ್ಕಾಚಾರ ತಪ್ಪುತ್ತದೆ.

ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರ ಭಾಷಣವೊಂದರಲ್ಲಿ ತುರ್ತಿನ ಸಮಸ್ಯೆ ಬೇರೆ, ಮಹತ್ವದ ಸಮಸ್ಯೆ ಬೇರೆ ಎಂಬ ಮಾತನ್ನು, ಕಾಲೇಜು ಅಧ್ಯಕ್ಷರಾಗಿದ್ದ ಒಬ್ಬರು ಹೇಳಿದ್ದೆಂದು ಹೇಳಿ ಉಲ್ಲೇಖಿಸಿದ್ದರು. ಐಸೆನ್‌ಹೋವರ್ ಹೆಸರಿನಲ್ಲಿ ಈಗ ಓಡಾಡುವ ನಾಲ್ಕು ಮನೆಗಳ ಚೌಕ ಬಂದದ್ದು ಆಮೇಲೆ. ತುರ್ತು ಮತ್ತು ಮುಖ್ಯ, ಮುಖ್ಯ ಆದರೆ ತುರ್ತಲ್ಲ, ಹೀಗೆ ಕೆಲಸಗಳನ್ನು ಹಂಚುವುದು. ತರಬೇತಿ ಶಿಬಿರಗಳಲ್ಲಿ ಇದನ್ನು ಬಿಡಿಸಿ ತೋರಿಸುತ್ತಾರೆ. ನನಗೆ ಅದರ ಮೇಲೆ ಒಂದು ತಕರಾರಿದೆ. ಅವರವರ ಕೆಲಸ ಅವರವರಿಗೆ ಮುಖ್ಯವೇ ಆಗಿರುವುದರಿಂದ ಎಲ್ಲರೂ ಎಲ್ಲವನ್ನೂ ಮೊದಲನೆಯ ಮನೆಗೇ ತುರುಕುತ್ತಾರೆ. ‘ಮುಖ್ಯವೇ?’ ಎಂದು ಕೇಳಿಕೊಂಡರೆ ಮನಸ್ಸು ಹೌದು ಎಂದೇ ಹೇಳುತ್ತದೆ. ‘ಸರಿಪಡಿಸಬಹುದೇ?’ ಎಂದು ಕೇಳಿಕೊಂಡರೆ ನಿಜ ಹೇಳುತ್ತದೆ.

ಈ ಅಳತೆಗೋಲು ಹಿಡಿದರೆ ಬೇರೆಯದೇ ಪಟ್ಟಿ ಹೊರಬರುತ್ತದೆ. ಜಿಎಸ್‌ಟಿ ಆದೇಶವೊಂದು ಸರ್ಕಾರದ ಜಾಲತಾಣದಲ್ಲಿ, ಅಂದರೆ ಪೋರ್ಟಲಿನಲ್ಲಿ ಬಂದು ಕುಳಿತಿರುತ್ತದೆ. ಅಂಚೆಯವನು ತಂದುಕೊಡುವುದಿಲ್ಲ, ಯಾರೂ ಬಾಗಿಲು ತಟ್ಟುವುದಿಲ್ಲ. ನೋಟಿಸು ಮತ್ತು ಆದೇಶಗಳ ಪುಟದಲ್ಲಿ ಕಾಣದೆ, ‘ಹೆಚ್ಚುವರಿ’ ಎಂಬ ಇನ್ನೊಂದು ಪುಟದೊಳಗೆ ಅಡಗಿರುವುದೂ ಉಂಟು. ಅದರ ಮೇಲೆ ಮೇಲ್ಮನವಿಗೆ ಮೂರು ತಿಂಗಳ ಕಾಲಾವಕಾಶ. ಸಕಾರಣವಿದ್ದರೆ ಇನ್ನೊಂದು ತಿಂಗಳು. ಅದರಾಚೆಗೆ ವಿಳಂಬ ಮನ್ನಿಸುವ ಅಧಿಕಾರವನ್ನು ಕಾನೂನು ಮೇಲ್ಮನವಿ ಪ್ರಾಧಿಕಾರಕ್ಕೇ ಕೊಟ್ಟಿಲ್ಲ. ಉಳಿಯುವುದು ಹೈಕೋರ್ಟಿನ ದಾರಿ, ಅದರ ಖರ್ಚು, ಅದರ ಅನಿಶ್ಚಿತತೆ. ಸಾಲದ್ದಕ್ಕೆ ಮೇಲ್ಮನವಿ ಹಾಕುವಾಗ ವಿವಾದದಲ್ಲಿರುವ ತೆರಿಗೆಯ ಶೇ. 10ರಷ್ಟು ಮುಂಗಡ ಕಟ್ಟಬೇಕು. ಆ ದುಡ್ಡು ಹೊಂದಿಸಲು ವ್ಯಾಪಾರಿಗೆ ವಾರಗಳು ಬೇಕಾಗಬಹುದು. ಅಂಗಡಿ ಹಾಕಿದವರೊಬ್ಬರು ಐದು ತಿಂಗಳ ಹಿಂದಿನ ಆದೇಶ ಹಿಡಿದು ಮೊದಲ ಬಾರಿ ನನ್ನ ಬಳಿ ಬಂದಿದ್ದರು. ಬ್ಯಾಂಕ್ ಖಾತೆಗೆ ತಡೆ ಬಿದ್ದ ಮೇಲೆ ವಿಷಯ ಗೊತ್ತಾಗಿತ್ತು. ಅವರ ವಾದದಲ್ಲಿ ಹುರುಳಿತ್ತು. ಅದನ್ನು ಕೇಳಿಸಿಕೊಳ್ಳಬೇಕಾದ ಪ್ರಾಧಿಕಾರದ ಬಾಗಿಲು ಮುಚ್ಚಿತ್ತು.

ಹಾಗಾಗಿ ಸೋಮವಾರ ಬೆಳಗ್ಗೆ ನಮ್ಮಲ್ಲಿ ಮೊದಲ ಕೆಲಸ ಪ್ರತಿಯೊಬ್ಬ ಕಕ್ಷಿದಾರರ ಪೋರ್ಟಲ್ ತೆರೆದು ನೋಟಿಸು ಬಂದಿದೆಯೇ ನೋಡುವುದು. ಇದಕ್ಕೆ ಗಡುವಿಲ್ಲ, ಮಾಡಿದ್ದೀರಾ ಎಂದು ಕೇಳುವವರಿಲ್ಲ, ಬಿಲ್ಲಿನಲ್ಲಿ ಪ್ರತ್ಯೇಕ ಶುಲ್ಕವೂ ಇಲ್ಲ. ಅಷ್ಟು ಹೊತ್ತು ಫೋನ್ ಎತ್ತುವುದಿಲ್ಲ. ಯಾರೂ ಕೇಳದ ಕೆಲಸಕ್ಕೆ ದಿನದ ಉತ್ತಮ ಹೊತ್ತನ್ನು ಕೊಡದಿದ್ದರೆ ಅದಕ್ಕೆ ಹೊತ್ತೇ ಸಿಗುವುದಿಲ್ಲ.

ಇನ್ನೊಂದು ರೂಢಿ ಇದೆ. ಬೇರೆಯವರ ಕೈ ಬೇಕಾದ ಕೆಲಸವನ್ನು ಮೊದಲು ಶುರು ಮಾಡಿಸುತ್ತೇನೆ. ಬೇಳೆ ಒಲೆಗಿಟ್ಟು ಆಮೇಲೆ ತರಕಾರಿ ಹೆಚ್ಚುತ್ತೇವಲ್ಲ, ಹಾಗೆ. 3ಬಿ ಸಲ್ಲಿಸಲು ಮಾಲೀಕರ ಮೊಬೈಲಿಗೆ ಒಟಿಪಿ ಬರಬೇಕು. ಮಾಲೀಕರು ತೀರ್ಥಹಳ್ಳಿಯ ಮದುವೆಮನೆಯಲ್ಲಿ ಊಟದ ಪಂಕ್ತಿಯಲ್ಲಿರುತ್ತಾರೆ, ಫೋನು ಕಾರಿನಲ್ಲಿರುತ್ತದೆ. ನನ್ನ ಲೆಕ್ಕ ಎಷ್ಟು ಬೇಗ ಮುಗಿದಿದ್ದರೂ ಕೆಲಸ ಅಲ್ಲಿಗೇ ನಿಂತಿತು. ಆದ್ದರಿಂದ ಬೆಳಗ್ಗೆ ಹತ್ತಕ್ಕೆ ಮುಂಚೆ ಅಂದು ಯಾರಿಂದ ಏನು ಬೇಕೋ ಅದಷ್ಟನ್ನೂ ಕೇಳಿಬಿಡುತ್ತೇನೆ: ‘ಮಧ್ಯಾಹ್ನ ಹನ್ನೆರಡಕ್ಕೆ ಒಟಿಪಿ ಬರುತ್ತದೆ, ಫೋನು ಹತ್ತಿರ ಇಟ್ಟುಕೊಳ್ಳಿ.’ ನಮ್ಮಿಂದ ಬೇರೆಯವರಿಗೆ ಸಲ್ಲಬೇಕಾದದ್ದೂ ಇದೇ ಸಾಲಿಗೆ ಸೇರುತ್ತದೆ. ಜಿಎಸ್‌ಟಿಆರ್-1ನ್ನು 11ರೊಳಗೆ ಹಾಕದಿದ್ದರೆ ಆ ಬಿಲ್ಲು, ಸರಕು ಕೊಂಡವರ ಖರೀದಿಯ ವಿವರ ತೋರಿಸುವ 2ಬಿ ಪಟ್ಟಿಯಲ್ಲಿ 14ರಂದು ಕಾಣುವುದಿಲ್ಲ. ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದದ್ದರಲ್ಲಿ ಕಳೆಯುವ ಅವರ ತೆರಿಗೆ ಜಮೆ ಒಂದು ತಿಂಗಳು ಮುಂದಕ್ಕೆ ಹೋಗುತ್ತದೆ. ನಮ್ಮ ಸೋಮಾರಿತನಕ್ಕೆ ಭದ್ರಾವತಿಯ ಯಾರೋ ವ್ಯಾಪಾರಿ ಕೈಯಿಂದ ದುಡ್ಡು ಹಾಕಬೇಕಾಗುತ್ತದೆ.

ಉಳಿದದ್ದು ಸಣ್ಣಪುಟ್ಟದ್ದು. ಸಂಜೆ ಹೊರಡುವ ಮುನ್ನ ಕಿರ್ದಿ ಪುಸ್ತಕದ ಹಿಂದಿನ ಪುಟದಲ್ಲಿ ಮರುದಿನದ ಮೂರು ಕೆಲಸ ಬರೆದಿಡುತ್ತೇನೆ. ನಾಲ್ಕನೆಯದನ್ನು ಬರೆಯಬೇಕೆನಿಸಿದರೆ ಮೊದಲ ಮೂರರಲ್ಲಿ ಒಂದನ್ನು ಹೊಡೆದುಹಾಕಬೇಕು. ಇದು ಕೇಳಲು ಸುಲಭ, ಪೆನ್ನು ಹಿಡಿದಾಗ ಕಷ್ಟ. ಹೊಡೆದುಹಾಕುವ ಸಾಲಿನಲ್ಲಿ ಒಬ್ಬ ಮನುಷ್ಯರಿರುತ್ತಾರೆ, ಅವರು ನಾಳೆ ಬಂದು ಎದುರು ಕೂರುತ್ತಾರೆ.

ಅವರಿಗೆ ಏನು ಹೇಳುವುದು? ಇದನ್ನೂ ಕೇಳುತ್ತಾರೆ. ‘ಆಗುವುದಿಲ್ಲ’ ಎನ್ನುವುದಿಲ್ಲ, ‘ನೋಡೋಣ’ ಎಂದಂತೂ ಎನ್ನುವುದೇ ಇಲ್ಲ. ‘ಗುರುವಾರ ಮೂರು ಗಂಟೆಗೆ ನಿಮ್ಮದು’ ಎನ್ನುತ್ತೇನೆ, ಗುರುವಾರ ಮೂರು ಗಂಟೆಗೆ ಕೊಡುತ್ತೇನೆ. ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ‘ಇವತ್ತೇ ಬೇಕು’ ಎಂದು ಬರುವವರಲ್ಲಿ ಹೆಚ್ಚಿನವರಿಗೆ ನಿಜಕ್ಕೂ ಬೇಕಾಗಿರುವುದು ಬ್ಯಾಂಕಿನವರಿಗೆ ಹೇಳಲು ಒಂದು ನಿಶ್ಚಿತ ದಿನ. ಎಲ್ಲರೂ ಒಪ್ಪುತ್ತಾರೆ ಎಂದಲ್ಲ. ಕೆಲವರು ಸಿಟ್ಟಾಗಿ ಫೈಲು ಎತ್ತಿಕೊಂಡು ಬೇರೆ ಆಡಿಟರ್ ಹತ್ತಿರ ಹೋಗಿದ್ದಾರೆ. ಈ ಪದ್ಧತಿಗೆ ಬೆಲೆ ಇಲ್ಲ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಕೊನೆಗೆ ಯಾವ ಆ್ಯಪ್ ಬಳಸುತ್ತೀರಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮೊಬೈಲಿನಲ್ಲಿ ಮೊದಲಿನಿಂದ ಇರುವ ಕ್ಯಾಲೆಂಡರ್ ಸಾಕು. ಆದರೆ ಅದರಲ್ಲಿ ಸರ್ಕಾರದ ತಾರೀಖನ್ನು ಹಾಕಬೇಡಿ. 20ರ ಕೆಲಸಕ್ಕೆ 16 ಎಂದು ಹಾಕಿ, ಜುಲೈ 31ಕ್ಕೆ ಜುಲೈ 20 ಎಂದು ಹಾಕಿ. ಕಡೆಯ ದಿನ ಇಡೀ ದೇಶವೇ ಒಳನುಗ್ಗಿ ಪೋರ್ಟಲ್ ತೆವಳುತ್ತಿರುತ್ತದೆ. ಗಡುವು ವಿಸ್ತರಣೆಯಾಗಬಹುದು ಎಂದು ಕಾಯುವವರಿಗೆ 2025ರಲ್ಲಿ ಜುಲೈ 31 ಸೆಪ್ಟೆಂಬರ್ 15ಕ್ಕೆ ಹೋಗಿ, ಮತ್ತೆ ಒಂದೇ ಒಂದು ದಿನ ಹೆಚ್ಚಿ 16 ಆದದ್ದು ನೆನಪಿರುತ್ತದೆ. ಆ ಒಂದು ದಿನದ ಪ್ರಕಟಣೆ ಬಂದದ್ದು 15ರ ತಡರಾತ್ರಿ. ಅಷ್ಟು ಹೊತ್ತಿಗೆ ನಾನು ನಿದ್ದೆ ಮಾಡಿಯಾಗಿತ್ತು.