ಮುಟ್ಟಿದರೆ ಮುನಿಯ ಎದುರು ಕಾಲು ಗಂಟೆ

ಇಂದು ಬೆಳಿಗ್ಗೆ ಬೇಲಿಯ ಬದಿಯಲ್ಲಿ ಕಳೆ ಕೀಳಲು ಕುಳಿತಾಗ, ಮುಟ್ಟಿದರೆ ಮುನಿಯ ಎಲೆಯೊಂದರ ತುದಿಗೆ ಮೊಣಕೈ ತಗುಲಿತು. ಅಲ್ಲಿಂದ ಆರಂಭವಾದ ಮಡಿಕೆಯು ಕಿರುಎಲೆಗಳನ್ನು ಜೋಡಿ ಜೋಡಿಯಾಗಿ ಮುಚ್ಚುತ್ತ ಬುಡದತ್ತ ಸಾಗಿ, ಕೊನೆಗೆ ತೊಟ್ಟೇ ಜೋತುಬಿದ್ದುದನ್ನು ನಾನು ಕೈಯಲ್ಲಿದ್ದ ಕುಡುಗೋಲನ್ನು ಬದಿಗಿಟ್ಟು ನೋಡಿದೆ.

ಈ ಗಿಡಕ್ಕೆ ನರವೂ ಇಲ್ಲ, ಸ್ನಾಯುವೂ ಇಲ್ಲ. ಸ್ಪರ್ಶದಿಂದ ಹುಟ್ಟಿದ ವಿದ್ಯುತ್ ಸಂಕೇತವು ಎಲೆಯ ಬುಡದಲ್ಲಿರುವ ಸಣ್ಣ ಉಬ್ಬನ್ನು ತಲುಪಿದೊಡನೆ ಅಲ್ಲಿನ ಜೀವಕೋಶಗಳಿಂದ ಪೊಟ್ಯಾಸಿಯಂ ಅಯಾನುಗಳು ಹೊರಬೀಳುತ್ತವೆ; ಅವುಗಳ ಹಿಂದೆಯೇ ನೀರೂ ಹೋಗುವುದರಿಂದ ಉಬ್ಬಿನ ಒಂದು ಬದಿ ಬಿಗಿ ಕಳೆದುಕೊಂಡು ಎಲೆ ಮಡಚುತ್ತದೆ. ಸಸ್ಯಗಳ ಇಂಥ ವಿದ್ಯುತ್ ಸಂಕೇತಗಳನ್ನು ಜಗದೀಶಚಂದ್ರ ಬೋಸರು ನೂರು ವರ್ಷಗಳಿಗೂ ಹಿಂದೆಯೇ ಕಲ್ಕತ್ತೆಯಲ್ಲಿ ತಾವೇ ರೂಪಿಸಿದ ಸೂಕ್ಷ್ಮ ಉಪಕರಣಗಳಿಂದ ಅಳೆದಿದ್ದರು.

ಇದನ್ನು ನಾಚಿಕೆಯೆಂದು ಕರೆದವರು ನಾವು. ಗಿಡದ ಮಟ್ಟಿಗೆ ಇದು ಆತ್ಮರಕ್ಷಣೆ. 2022ರಲ್ಲಿ ಪ್ರಕಟವಾದ ಜಪಾನಿನ ಸಂಶೋಧನೆಯೊಂದರಲ್ಲಿ, ಮಡಚುವ ಶಕ್ತಿಯನ್ನು ಕಳೆದುಕೊಂಡ ಗಿಡಗಳನ್ನು ಮಿಡತೆಗಳು ಹೆಚ್ಚು ತಿಂದಿದ್ದವು. ನನಗೆ ಇನ್ನೂ ಬೆರಗು ತರುವುದು 1729ರ ಸಂಗತಿ: ಫ್ರಾನ್ಸಿನ ಖಗೋಳವಿಜ್ಞಾನಿ ಡಿ ಮೈರಾನ್ ಇಂಥದೇ ಗಿಡವನ್ನು ಕತ್ತಲೆಯಲ್ಲಿಟ್ಟಾಗಲೂ ಅದು ಹಗಲು ಎಲೆ ಬಿಚ್ಚಿ ರಾತ್ರಿ ಮುಚ್ಚುತ್ತಲೇ ಇತ್ತಂತೆ.

ಕಾಲು ಗಂಟೆಯ ಹೊತ್ತಿಗೆ ತೊಟ್ಟು ಮೆಲ್ಲನೆ ಮೇಲೆದ್ದು ಎಲೆಗಳು ಬಿಚ್ಚಿಕೊಂಡವು. ಮುಳ್ಳಿನ ಕಳೆಯೇ ಆದರೂ, ಆ ಒಂದು ಗಿಡವನ್ನು ಬಿಟ್ಟು ಉಳಿದವನ್ನು ಕಿತ್ತೆ.