ನೂರು ಅಡಿ ಅಂದ್ರೆ ಕನ್ನಂಬಾಡಿ ಎಷ್ಟು ತುಂಬಿದೆ?

ಮಳೆಗಾಲ ಬಂತು ಅಂದ್ರೆ ಮಂಡ್ಯ ಕಡೆಯವರು ಬೆಳಗೆದ್ದು ಮೊದ್ಲು ನೋಡೋದು ಒಂದೇ ನಂಬರು, ಕನ್ನಂಬಾಡಿ, ಅಂದ್ರೆ ಕೆಆರ್‌ಎಸ್ ಡ್ಯಾಮು, ಎಷ್ಟಡಿ ಆಯ್ತು ಅಂತ. ಕಾಫಿ ಆಮೇಲೆ. ನಮ್ಮ ಚಿಕ್ಕಪ್ಪನ ಮಗ ದಿನಾ ಪೇಪರ್ ನೋಡ್ಕೊಂಡು ಕೆಆರ್‌ಎಸ್, ಕಬಿನಿ, ಹೇಮಾವತಿ, ಹಾರಂಗಿ ನಾಲ್ಕರ ಮಟ್ಟ, ಒಳಹರಿವು, ಹೊರಹರಿವು ಎಲ್ಲಾನೂ ಒಂದು ಗೂಗಲ್ ಶೀಟಿಗೆ ತುಂಬಿ ಅದರ ಸ್ಕ್ರೀನ್‌ಶಾಟ್ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕ್ತಾನೆ, ಜನ ಅದನ್ನ ಬೆರಳಲ್ಲಿ ಎಳೆದು ಎಳೆದು ದೊಡ್ಡದು ಮಾಡ್ಕೊಂಡು ಓದ್ತಾರೆ. ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಹಿಡ್ಕೊಂಡ. "ಅಣ್ಣ, ನೀನು ಮೈಸೂರಲ್ಲಿ ಕೂತು ಮಾಡೋದೇ ಈ ಕೆಲಸ ಅಲ್ವಾ, ಇದನ್ನೊಂದು ನೀಟಾಗಿರೋ ವೆಬ್ ಪೇಜ್ ಮಾಡ್ಕೊಡು."

ಒಂದು ಭಾನುವಾರದ ಕೆಲಸ ಅನ್ಕೊಂಡೆ. ಮೂರು ವಾರ ತಿಂತು.

ಡಿಸೈನ್ ಮಾಡಿದ್ದು ನನ್ನ ಫ್ರೆಂಡು, ಕುವೆಂಪುನಗರದವಳು, ಕೈ ಚೆನ್ನಾಗಿದೆ. ಫಿಗ್ಮಾ ಅನ್ನೋ ಡಿಸೈನ್ ಸಾಫ್ಟ್‌ವೇರಲ್ಲಿ ನಾಲ್ಕು ಕಾರ್ಡು, ಒಂದೊಂದ್ರಲ್ಲೂ ಒಂದು ಗಾಜಿನ ಲೋಟ, ಲೋಟದೊಳಗೆ ನೀಲಿ ನೀರು, ಕೆಳಗಡೆ ತಿಂಗಳ ಗ್ರಾಫು. ನೋಡಿದ್ರೆ ನೋಡ್ತಾನೇ ಇರ್ಬೇಕು ಅನ್ಸೋ ಹಂಗಿತ್ತು. ಆದ್ರೆ ಅದ್ರಲ್ಲಿದ್ದ ಮಾತೆಲ್ಲ ಇಂಗ್ಲಿಷು, ನಂಬರೆಲ್ಲ ಅವಳೇ ಅಂದಾಜಿಗೆ ಹಾಕಿದ್ದು. ತೊಂದರೆ ಶುರುವಾಗಿದ್ದೇ ಅಲ್ಲಿ.

ಮೊದಲನೇದು ಫಾಂಟು. ಅವಳು ಹಾಕಿದ್ದು ಪಾಪಿನ್ಸ್. ಅದ್ರಲ್ಲಿ ದೇವನಾಗರಿ ಇದೆ, ಕನ್ನಡ ಇಲ್ಲ. ಹಂಗಾಗಿ ಬ್ರೌಸರು ಕನ್ನಡ ಬಂದ ಕಡೆ ಎಲ್ಲ ಸಿಸ್ಟಮ್ಮಲ್ಲಿ ಏನಿದ್ಯೋ ಅದನ್ನ ಎಳ್ಕೊಂಡು ಬರುತ್ತೆ, ನನ್ನ ಫೋನಲ್ಲಿ ನೋಟೋ, ಅಪ್ಪನ ಹಳೇ ವಿಂಡೋಸ್ ಕಂಪ್ಯೂಟರಲ್ಲಿ ತುಂಗಾ, ತುಂಗಾದಲ್ಲಿ ಅದೇ ಸೈಜಿಗೆ ಅಕ್ಷರ ಚಿಕ್ಕದಾಗಿ ಕಾಣುತ್ತೆ. ನಂಬರು ಒಂದು ಫಾಂಟು, ಪಕ್ಕದಲ್ಲಿರೋ "ಅಡಿ" ಇನ್ನೊಂದು ಫಾಂಟು, ಮದುವೆ ಮನೇಲಿ ಶೆರ್ವಾನಿಗೆ ಲುಂಗಿ ಸುತ್ಕೊಂಡಂಗೆ. ಇದಕ್ಕೆ ಜಾಸ್ತಿ ತಲೆ ಕೆಡಿಸ್ಕೊಳ್ಲಿಲ್ಲ, ಎರಡಕ್ಕೂ ನೋಟೋ ಸಾನ್ಸ್ ಕನ್ನಡನೇ ಹಾಕ್ದೆ, ಮುಗೀತು.

ಎರಡನೇದು ನಿಜವಾಗ್ಲೂ ನಗು ಬಂದಿದ್ದು. ಡಿಸೈನಲ್ಲಿ ಹೆಡಿಂಗಿನ ಲೈನ್ ಹೈಟ್, ಅಂದ್ರೆ ಒಂದು ಸಾಲಿಗೆ ಬಿಡೋ ಎತ್ತರ, ಅಕ್ಷರದ ಸೈಜಿನ 1.1 ಪಟ್ಟು. ಇಂಗ್ಲಿಷ್ ಅಕ್ಷರಕ್ಕೆ ಅದು ಲಕ್ಷಣ, ಕನ್ನಡಕ್ಕೆ ಕುತ್ತಿಗೆಗೆ ಬಂತು. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ನೇತಾಡುತ್ತೆ, ಮೇಲೆ ಗುಡಿಸು ಇರುತ್ತೆ, ಎರಡಕ್ಕೂ ಜಾಗ ಬೇಕು. ಅದರ ಮೇಲೆ ನಾನು, ಉದ್ದ ಹೆಸರು ಬಂದ್ರೆ ಕಾರ್ಡ್ ಬಿಟ್ಟು ಆಚೆ ಹೋಗ್ಬಾರ್ದು ಅಂತ, ಓವರ್‌ಫ್ಲೋ ಹಿಡನ್ ಬೇರೆ ಹಾಕಿದ್ದೆ, ಅಂದ್ರೆ ಬಾಕ್ಸ್ ದಾಟಿದ್ದು ಕಾಣಲ್ಲ. ಪೇಜ್ ತೆಗೆದು ನೋಡ್ತೀನಿ, "ಗರಿಷ್ಠ ಮಟ್ಟ" ಅಂತ ಇರ್ಬೇಕಾದ ಕಡೆ "ಗರಿಷ ಮಟ" ಅಂತಿದೆ. ಒತ್ತು ಅಷ್ಟೂ ಕುಡುಗೋಲಲ್ಲಿ ಕೊಯ್ದಂಗೆ ಮಾಯ. ಸ್ಪೆಲಿಂಗ್ ತಪ್ಪು ಅನ್ಕೊಂಡು ಶೀಟ್ ತೆಗೆದು ಅರ್ಧ ಗಂಟೆ ಹುಡುಕಿದೀನಿ ನಾನು, ತಮ್ಮನಿಗೆ ಬೈದೂ ಬಿಟ್ಟಿದ್ದೆ. ಕೊನೆಗೆ ಪೇಜಿನ ಭಾಷೆ ಕನ್ನಡ ಅಂತ ಡಿಕ್ಲೇರ್ ಮಾಡಿ, ಕನ್ನಡ ಇರೋ ಕಡೆಗೆ ಮಾತ್ರ ಲೈನ್ ಹೈಟ್ 1.6 ಮಾಡ್ದೆ. ಅವಳು ಇಂಗ್ಲಿಷ್ ಲೇಬಲ್ಲಿಗೆ ಅಂತ ಅಕ್ಷರಕ್ಕೆ ಅಕ್ಷರಕ್ಕೆ ಗ್ಯಾಪ್ ಬಿಟ್ಟಿದ್ಲಲ್ಲ, ಆ ಲೆಟರ್ ಸ್ಪೇಸಿಂಗೂ ತೆಗೆದೆ, "ಒ ಳ ಹ ರಿ ವು" ಅಂತ ಚಿಕ್ಕ ಮಕ್ಕಳು ಕೂಡಿಸಿ ಓದ್ದಂಗೆ ಕಾಣ್ತಿತ್ತು.

ಇದೆಲ್ಲ ಮೇಲ್ಮೇಲಿನ ಕಥೆ. ಅಸಲಿ ಪೆಟ್ಟು ಬಿದ್ದಿದ್ದು ಲೋಟಕ್ಕೆ.

ಲೋಟ ಎಷ್ಟು ತುಂಬಿರ್ಬೇಕು ಅನ್ನೋದಕ್ಕೆ ನಾನು ಬರೆದ ಲೆಕ್ಕ ಸಿಂಪಲ್ಲು, ಇವತ್ತಿನ ಮಟ್ಟ ಭಾಗಿಸು ಗರಿಷ್ಠ ಮಟ್ಟ. ಆ ಶೇಕಡಾವಾರು, ಪೇಜಿನ ರೂಪ ಹೇಳೋ ಕೋಡಲ್ಲಿರೋ ಒಂದು ಸಿಎಸ್‌ಎಸ್ ವೇರಿಯಬಲ್‌ಗೆ ಹೋಗುತ್ತೆ, ನೀಲಿ ಬಾಕ್ಸಿನ ಎತ್ತರ ಅದ್ರಿಂದ ಬರುತ್ತೆ. ತಮ್ಮನ ಶೀಟಿನಲ್ಲಿ ಬೇಸಿಗೆದೂ ಲೆಕ್ಕ ಇತ್ತು, ಟೆಸ್ಟ್ ಮಾಡೋಣ ಅಂತ ಏಪ್ರಿಲ್ ತಿಂಗಳ ಒಂದು ದಿನ ಹಾಕ್ದೆ. ಕಬಿನಿ, ಹೇಮಾವತಿ, ಹಾರಂಗಿ ಮೂರೂ ತುಂಬಿ ತುಳುಕ್ತಿದಾವೆ! ಏಪ್ರಿಲಲ್ಲಿ! ಕೆಆರ್‌ಎಸ್ ಒಂದು ಮಾತ್ರ ಕಮ್ಮಿ ಇದೆ. ಕೋಡ್ ತಪ್ಪಿದ್ಯಾ ಅಂತ ನೋಡಿದ್ರೆ ಕೋಡ್ ಸರಿಯಾಗೇ ಇದೆ, ತಪ್ಪಿರೋದು ನನ್ನ ತಲೆ. ಕಬಿನಿ ಗರಿಷ್ಠ ಮಟ್ಟ 2284 ಅಡಿ, ಹಾರಂಗಿ 2859, ಹೇಮಾವತಿ 2922, ಇವೆಲ್ಲ ಸಮುದ್ರ ಮಟ್ಟದಿಂದ ಅಳೆಯೋದು. ಕನ್ನಂಬಾಡಿ 124.80 ಅಡಿ ಅಂದ್ರೆ ಅದು ಅಣೆಕಟ್ಟೆಯದ್ದೇ ಅಳತೆ, ಸಮುದ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಕಬಿನಿಯಲ್ಲಿ 24 ಅಡಿ ನೀರು ಇಳಿದು 2260ಕ್ಕೆ ಬಂದ್ರೂ ನನ್ನ ಲೆಕ್ಕದಲ್ಲಿ ಅದು ಶೇ 98.9 ತುಂಬಿರುತ್ತೆ. ಚಿಕ್ಕ ವಯಸ್ಸಿಂದ ಈ ನಂಬರ್ ಕೇಳ್ಕೊಂಡೇ ಬೆಳೆದೋನು ನಾನು, ಒಂದು ದಿನನಾದ್ರೂ ಯಾಕೆ ಒಂದು ನೂರ ಚಿಲ್ಲರೆ, ಇನ್ನೊಂದು ಎರಡು ಸಾವಿರದ ಚಿಲ್ಲರೆ ಅಂತ ಕೇಳ್ಕೊಂಡಿರ್ಲಿಲ್ಲ.

ಸರಿ, ಕೆಆರ್‌ಎಸ್ ಲೋಟ ಆದ್ರೂ ನಿಜ ಹೇಳ್ತಿದ್ಯಾ ಅಂದ್ರೆ ಅದೂ ಸುಳ್ಳೇ. ನೂರು ಅಡಿ ಇದ್ರೆ ಲೋಟ ಶೇ 80 ತುಂಬಿದಂಗೆ ತೋರ್ಸುತ್ತೆ. ಆದ್ರೆ ಡ್ಯಾಮು ಲೋಟ ಅಲ್ಲ, ಬಾಣಲೆ. ತಳದಲ್ಲಿ ಇಕ್ಕಟ್ಟು, ಮೇಲ್ಮೇಲಕ್ಕೆ ಹೋದಂಗೆ ಅಗಲ. ಪೂರ್ತಿ ತುಂಬಿದ್ರೆ 49.45 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ ನೀರು), ನೂರು ಅಡಿಯಲ್ಲಿ ಅದರ ಅರ್ಧನೂ ಇರಲ್ಲ. ಮೇಲಿನ 25 ಅಡಿಯಲ್ಲೇ ಅರ್ಧಕ್ಕಿಂತ ಜಾಸ್ತಿ ನೀರು ಇರೋದು. ಅದಕ್ಕೇ ನಮ್ಮ ಕಡೆ ಹಿರಿಯರು ನೂರು ದಾಟಿದ ಮೇಲೇನೇ ಉಸಿರು ಬಿಡೋದು. ತಮ್ಮನಿಗೆ ಫೋನ್ ಮಾಡಿ ಶೀಟಿಗೆ ಟಿಎಂಸಿ ಕಾಲಮ್ ಸೇರಿಸು ಅಂದೆ, ಪೇಪರಲ್ಲಿ ಅದೂ ಬರುತ್ತೆ, ಅವನು ಇಷ್ಟು ದಿನ ಬಿಟ್ಟಿದ್ದ ಅಷ್ಟೇ. ಈಗ ಲೋಟದ ಎತ್ತರ ಟಿಎಂಸಿ ಮೇಲೆ, ಅಡಿ ಬರೀ ಅಕ್ಷರದಲ್ಲಿ ಪಕ್ಕಕ್ಕೆ.

ಫ್ರೆಂಡಿಗೆ ಇದನ್ನೆಲ್ಲ ಹೇಳಿದ್ರೆ ಅವಳು ಇನ್ನೊಂದು ತೆಗೆದ್ಲು. "ಹಂಗಾದ್ರೆ ನಾಲ್ಕೂ ಲೋಟ ಒಂದೇ ಸೈಜ್ ಯಾಕೋ? ಹಾರಂಗಿ 8.5 ಟಿಎಂಸಿ, ಕನ್ನಂಬಾಡಿ 49, ಅದು ತುಂಬಿದ್ರೂ ಇದು ತುಂಬಿದ್ರೂ ಒಂದೇ ಥರ ಕಾಣುತ್ತಲ್ಲ." ಮಾತು ನ್ಯಾಯವೇ. ಅಗಲನ ಟಿಎಂಸಿ ಪ್ರಕಾರ ಇಟ್ಟು ನೋಡಿದ್ವಿ, 360 ಪಿಕ್ಸೆಲ್ ಅಗಲದ ಫೋನಲ್ಲಿ ಹಾರಂಗಿ ಊದುಬತ್ತಿ ಥರ ಆಗಿ ಹೆಸರು ಬರೆಯಕ್ಕೂ ಜಾಗ ಇಲ್ಲ. ವಾಪಸ್ ಒಂದೇ ಸೈಜಿಗೆ ಬಂದು, "8.50ರಲ್ಲಿ ಇಷ್ಟು ಟಿಎಂಸಿ" ಅಂತ ಕೆಳಗೆ ದಪ್ಪಗೆ ಬರೆದ್ವಿ. ನಂಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ.

ಪೇಜ್ ಊರಿನ ಗ್ರೂಪಿಗೆ ಹೋಯ್ತು. ಐದೇ ದಿನ. ಒಂದು ಬೆಳಗ್ಗೆ ಆರೂವರೆಗೆ ಚಿಕ್ಕಪ್ಪನ ಫೋನು.

"ಏನ್ಲಾ ಮಗ, ಕಟ್ಟೆ ಏನಾರಾ ಒಡೆದೋಯ್ತಾ?"

ಗ್ರಾಫ್ ತೆಗೆದು ನೋಡ್ತೀನಿ, 118, 119, 119, ಆಮೇಲೆ ಸೀದಾ ಸೊನ್ನೆ, ಮತ್ತೆ 120. ಮಧ್ಯ ಒಂದು ದಿನ ಪೇಪರ್ ಬಂದಿಲ್ಲ, ತಮ್ಮ ಆ ಸೆಲ್ ಖಾಲಿ ಬಿಟ್ಟಿದಾನೆ. ಜಾವಾಸ್ಕ್ರಿಪ್ಟಿಗೆ ಖಾಲಿ ಸ್ಟ್ರಿಂಗ್ ಕೊಟ್ಟು ಇದನ್ನ ನಂಬರ್ ಮಾಡಪ್ಪ ಅಂದ್ರೆ ಅದು ಮುಲಾಜಿಲ್ದೆ ಸೊನ್ನೆ ಕೊಡುತ್ತೆ. ಗೊತ್ತಿರೋ ವಿಷಯ, ಆಫೀಸಲ್ಲಿ ಜೂನಿಯರ್‌ಗಳಿಗೆ ನಾನೇ ಹೇಳ್ಕೊಡ್ತೀನಿ, ಆದ್ರೂ ಮಾಡಿದ್ದೆ. ಗೊತ್ತಿಲ್ಲ ಅನ್ನೋದಕ್ಕೂ ಇಲ್ಲ ಅನ್ನೋದಕ್ಕೂ ಇರೋ ವ್ಯತ್ಯಾಸ ಆ ಗ್ರಾಫಲ್ಲಿ ನೂರ ಹತ್ತೊಂಬತ್ತು ಅಡಿ. ಈಗ ಖಾಲಿ ಇದ್ರೆ ಗೆರೆ ಅಲ್ಲಿ ತುಂಡಾಗುತ್ತೆ, ಕೆಳಗೆ "ಮಾಹಿತಿ ಬಂದಿಲ್ಲ" ಅಂತ ಬರುತ್ತೆ. ಫಿಗ್ಮಾದಲ್ಲಿ ಇಂಥದ್ದೊಂದು ದಿನನ ಅವಳೂ ಬರೆದಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಅದೇ ವಾರ ತಾರೀಖಿನ ಗಲಾಟೆನೂ ಆಯ್ತು, 05/07 ಅಂತ ಇದ್ದಿದ್ದನ್ನ ಬ್ರೌಸರು ಅಮೆರಿಕದ ಲೆಕ್ಕದಲ್ಲಿ ಮೇ ಏಳು ಅಂತ ಓದಿ ಜುಲೈ ನೀರನ್ನ ಬೇಸಿಗೆಗೆ ತಗೊಂಡೋಗಿತ್ತು. ವರ್ಷ ಮೊದಲು ಬರೋ ಥರ ಶೀಟಲ್ಲೇ ಫಾರ್ಮ್ಯಾಟ್ ಬದಲಾಯಿಸ್ದೆ.

ಆಮೇಲೆ ಒಂದು ಶನಿವಾರ ನಾನೇ ಊರಿಗೆ ಹೋದೆ. ಪಾಂಡವಪುರ ಕಡೆ ನಮ್ಮ ಗದ್ದೆ, ಮಧ್ಯಾಹ್ನ ಹನ್ನೆರಡು, ಚಿಕ್ಕಪ್ಪ ಬದುವಿನ ಮೇಲೆ ನಿಂತು ಟವಲ್ಲನ್ನ ತಲೆ ಮೇಲಿಂದ ಫೋನಿಗೂ ಸೇರಿಸಿ ಮರೆ ಮಾಡ್ಕೊಂಡು ನೋಡ್ತಿದಾರೆ. "ಏನೂ ಕಾಣಾಕಿಲ್ಲ ಕಣ್ಲಾ, ಬರೀ ಬೆಳ್ಳಗೈತೆ." ಒಳಹರಿವಿನ ನಂಬರು ತಿಳಿ ಬೂದು ಬಣ್ಣದಲ್ಲಿತ್ತು, ಬಿಳಿ ಮೇಲೆ ಅದರ ಕಾಂಟ್ರಾಸ್ಟ್ 2.85ಕ್ಕೆ 1, ಓದೋ ಅಕ್ಷರಕ್ಕೆ ಕನಿಷ್ಠ 4.5 ಇರ್ಬೇಕು ಅನ್ನೋದು ನಿಯಮ. ನಿಯಮ ನಂಗೆ ಗೊತ್ತಿತ್ತು, ಆದ್ರೆ ಫ್ಯಾನ್ ಕೆಳಗೆ ಕೂತು ನೋಡೋನಿಗೆ ಆ ಬೂದು ಬಣ್ಣ ಎಷ್ಟು ಡೀಸೆಂಟಾಗಿ ಕಾಣುತ್ತೆ ಅಂತೀರಾ. ಅಲ್ಲೇ ಬದುವಿನ ಮೇಲೆ ಲ್ಯಾಪ್‌ಟಾಪ್ ತೆಗೆದು ಬಣ್ಣ ಕಡುಗಪ್ಪಿಗೆ ತಂದೆ, ನಂಬರ್ ಸೈಜೂ ಏರಿಸ್ದೆ, ಚಿಕ್ಕಪ್ಪ ರಿಫ್ರೆಶ್ ಮಾಡಿದ್ರು.

"ಹ್ಞಾಂ, ಈಗ ಕಾಣ್ತದೆ." ಸ್ವಲ್ಪ ಹೊತ್ತು ಮೇಲಕ್ಕೂ ಕೆಳಕ್ಕೂ ಉಜ್ಜಿದ್ರು. ಲೋಟ ನೋಡಿದ್ರು, ಗ್ರಾಫ್ ನೋಡಿದ್ರು, ಹೊರಹರಿವು ಹತ್ರ ನಿಂತ್ರು. "ಅಲ್ಲ ಕಣ್ಲಾ, ಇದು ಹೊಳೆಗೆ ಬುಟ್ಟಿರೋದಾ ನಾಲೆಗೆ ಬುಟ್ಟಿರೋದಾ? ನಮ್ ವಿ.ಸಿ. ನಾಲೆಗೆ ಎಷ್ಟು ಅಂತ ಎಲ್ಲೈತೆ?"

ಎಲ್ಲೂ ಇಲ್ಲ. ಶೀಟಲ್ಲಿ ಹೊರಹರಿವು ಅಂತ ಇರೋದು ಒಂದೇ ಕಾಲಮ್ಮು, ಹೊಳೆ ನಾಲೆ ಎಲ್ಲ ಸೇರಿಸಿ. ಸಂಜೆ ಫ್ರೆಂಡಿಗೆ ಮೆಸೇಜ್ ಹಾಕ್ದೆ. ಹತ್ತು ನಿಮಿಷದಲ್ಲಿ ನಾಲೆಗೆ ಅಂತ ಐದನೇ ಕಾರ್ಡ್ ಬರೆದು ಕಳ್ಸಿದಾಳೆ, ಸಖತ್ತಾಗಿದೆ, ಅದ್ರಲ್ಲಿ ಮತ್ತೆ ಅವಳೇ ಅಂದಾಜಿಗೆ ಹಾಕಿರೋ ಒಂದು ನಂಬರಿದೆ.