ಟ್ರಾವೆಲ್ ಹಿಸ್ಟರಿ ಮೂರನೇ ಪುಟದಲ್ಲಿರಬಾರದು

ಬೆಳಗಿನ ಓಪಿಡಿ ರಶ್. ಟೋಕನ್ ಹಿಡಿದು ಕೂತಿದ್ದ ಯುವಕನಿಗೆ ಜ್ವರ, ಕೆಮ್ಮು, ನೆಗಡಿ, ಕಣ್ಣು ಕೆಂಪು. ಕೌಂಟರ್‌ನಲ್ಲಿ 'ವೈರಲ್ ಫೀವರ್' ಅಂತ ಎಂಟ್ರಿ ಆಗಿತ್ತು. ಪಕ್ಕದ ಕುರ್ಚಿಯಲ್ಲಿ ಕೈಗೂಸು ಎತ್ತಿಕೊಂಡ ತಾಯಿ, ಎದುರಿಗೆ ಒಬ್ಬ ಗರ್ಭಿಣಿ. ವೈಟಲ್ಸ್ ತೆಗೆಯುತ್ತಿದ್ದ ಸಿಸ್ಟರ್ "ಇತ್ತೀಚೆಗೆ ಎಲ್ಲಿಗಾದ್ರೂ ಹೋಗಿದ್ರಾ?" ಅಂತ ಕೇಳಿದಾಗಲೇ ವಿಷಯ ಹೊರಬಿದ್ದದ್ದು. ವಿದೇಶದಿಂದ ಬಂದು 10 ದಿನ ಆಗಿದೆ, ಇವನು ಉಳಿದುಕೊಂಡಿದ್ದ ಕಡೆ ದಡಾರ ಹರಡಿತ್ತು. ಬಾಯಿ ತೆಗೆಸಿ ಟಾರ್ಚ್ ಹಾಕಿದರೆ ಕೆನ್ನೆಯ ಒಳಭಾಗದಲ್ಲಿ, ದವಡೆ ಹಲ್ಲಿನ ಎದುರಿಗೆ, ಉಪ್ಪಿನ ಹರಳು ಉದುರಿಸಿದ ಹಾಗೆ ಬಿಳಿ ಚುಕ್ಕಿಗಳು. ಕೊಪ್ಲಿಕ್ ಸ್ಪಾಟ್ಸ್, ಅಂದರೆ ದಡಾರದ ಗುರುತು. ಮೈಮೇಲೆ ದದ್ದು ಇನ್ನೂ ಒಂದೂ ಎದ್ದಿರಲಿಲ್ಲ.

ಮಾಸ್ಕ್ ಹಾಕಿಸಿ ಐಸೊಲೇಷನ್ ರೂಮಿಗೆ ಕಳಿಸಿ ಬಾಗಿಲು ಮುಚ್ಚುವುದು ಎರಡು ನಿಮಿಷದ ಕೆಲಸ. ಕಷ್ಟ ಶುರುವಾಗುವುದು ಆಮೇಲೆ. ರೋಗಿ ಎದ್ದು ಹೋದ ಮೇಲೂ ದಡಾರದ ವೈರಸ್ ಆ ಗಾಳಿಯಲ್ಲಿ 2 ಗಂಟೆಯವರೆಗೆ ಉಳಿಯಬಲ್ಲದು. ಹಾಲ್ ಖಾಲಿ ಮಾಡಿಸಬೇಕು, ಕಿಟಕಿ ತೆಗೆಯಬೇಕು, ಅಷ್ಟರಲ್ಲಿ ಮನೆಗೆ ಹೋದವರನ್ನು ಟೋಕನ್ ರಿಜಿಸ್ಟರ್ ನೋಡಿ ಒಬ್ಬೊಬ್ಬರನ್ನಾಗಿ ಫೋನಿನಲ್ಲಿ ಹಿಡಿಯಬೇಕು. ರೋಗನಿರೋಧಕ ಶಕ್ತಿ ಇಲ್ಲದವರಿಗೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆ ಉಪಯೋಗಕ್ಕೆ ಬರುವುದು ಸೋಂಕಿಗೆ ಒಡ್ಡಿಕೊಂಡ 72 ಗಂಟೆಯೊಳಗೆ. ಗರ್ಭಿಣಿಗೆ ಆ ಲಸಿಕೆ ಕೊಡುವಂತಿಲ್ಲ, 6 ತಿಂಗಳೊಳಗಿನ ಕೂಸಿಗೂ ಇಲ್ಲ. ಅವರಿಗೆ 6 ದಿನದೊಳಗೆ ಇಮ್ಯುನೋಗ್ಲೋಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳು. ಈ ಗಡಿಯಾರ ಓಡಲು ಶುರುವಾಗುವುದು ಆ ಕುರ್ಚಿಯಲ್ಲಿ ಕೂತ ಕ್ಷಣದಿಂದ. ಹಾಗಾಗಿ ಲ್ಯಾಬ್ ರಿಪೋರ್ಟ್ ಬರಲಿ ಎಂದು ಕಾಂಟ್ಯಾಕ್ಟ್ ಲಿಸ್ಟ್ ತಡ ಮಾಡುವಂತಿಲ್ಲ.

ಟ್ರಾವೆಲ್ ಹಿಸ್ಟರಿ ಕೇಳುವ ಪ್ರಶ್ನೆ ನಮ್ಮ ಆಸ್ಪತ್ರೆಯ ಸಾಫ್ಟ್‌ವೇರ್‌ನಲ್ಲಿ ಇದೆ. ಆದರೆ ಮೂರನೇ ಪುಟದಲ್ಲಿ, ಖಾಲಿ ಬಿಟ್ಟರೂ ನಡೆಯುವ ಕಾಲಂ ಆಗಿ. ಮೊದಲ ಪುಟಕ್ಕೆ ತಂದು ಕಡ್ಡಾಯ ಮಾಡಿ ಎಂದು ಕೇಳಿದಾಗಲೆಲ್ಲ ಮ್ಯಾನೇಜ್‌ಮೆಂಟ್ ಮುಂದಿನ ಅಪ್‌ಡೇಟ್ ಕಡೆ ಕೈ ತೋರಿಸುತ್ತದೆ. ಆ ಕೂಸಿನ ತಾಯಿಗೆ ಫೋನ್ ಮಾಡಿ ವಿಷಯ ತಿಳಿಸುವ ಕೆಲಸ ಅವರ ಪಾಲಿಗೆ ಬಂದಿದ್ದರೆ ಅಪ್‌ಡೇಟ್ ಅಂದೇ ಆಗುತ್ತಿತ್ತು ಅನ್ನುವುದು ನನ್ನ ನಂಬಿಕೆ.

ಅಲ್ಲಿಯವರೆಗೆ ಪ್ರಯಾಣ ಮಾಡಿದವರೇ ಬಾಯಿಬಿಟ್ಟು ಹೇಳಬೇಕು. ಹಿಂತಿರುಗಿದ ಮೇಲೆ ಜ್ವರ ಬಂದರೆ ಆಸ್ಪತ್ರೆಗೆ ಹೊರಡುವ ಮುಂಚೆ ಫೋನ್ ಮಾಡಿ. ಯಾವ ದೇಶ, ಯಾವ ಊರು, ಬಂದ ತಾರೀಕು, ಜ್ವರ ಶುರುವಾದ ತಾರೀಕು ತಿಳಿಸಿ, ಯಾವ ಬಾಗಿಲಿಂದ ಬರಬೇಕು ಎಂದು ಕೇಳಿ. ತಾರೀಕು ಮುಖ್ಯ, ಏಕೆಂದರೆ ಅದರಿಂದಲೇ ಡಾಕ್ಟರ್ ಕೆಲವು ರೋಗಗಳನ್ನು ಲೆಕ್ಕದಿಂದ ಕೈಬಿಡುತ್ತಾರೆ. ಸೋಂಕು ತಗುಲಿದ ಮೇಲೆ ಡೆಂಗಿ 4ರಿಂದ 10 ದಿನದಲ್ಲಿ ಕಾಣಿಸಿಕೊಳ್ಳುತ್ತದೆ, ಎಬೋಲಾ 2ರಿಂದ 21 ದಿನದಲ್ಲಿ. ದಡಾರಕ್ಕೆ ಸಾಮಾನ್ಯವಾಗಿ 10ರಿಂದ 14 ದಿನ, ಕೆಲವರಲ್ಲಿ 21. ಮಲೇರಿಯಾ ವಾರ ಕಳೆದ ಮೇಲೆ ಬರಬಹುದು, ತಿಂಗಳುಗಳ ನಂತರವೂ ಬರಬಹುದು. ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೇನ್, ಆಸ್ಪಿರಿನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ಹೊರಡುವ ಮುಂಚಿನ ಲೆಕ್ಕವೂ ತಾರೀಕಿನದೇ. ಎಂಎಂಆರ್ ಎರಡು ಡೋಸ್ ನಡುವೆ ಕನಿಷ್ಠ 28 ದಿನ ಬೇಕು. ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆಯ ಸರ್ಟಿಫಿಕೇಟ್ ಊರ್ಜಿತವಾಗುವುದು ಚುಚ್ಚಿಸಿಕೊಂಡ 10 ದಿನದ ನಂತರ. ಇವೆರಡೂ ದುರ್ಬಲಗೊಳಿಸಿದ ಜೀವಂತ ವೈರಸ್ ಇರುವ ಲಸಿಕೆಗಳು, ಒಂದೇ ದಿನ ಕೊಡಬೇಕು, ಇಲ್ಲವೇ 28 ದಿನ ಬಿಟ್ಟು ಕೊಡಬೇಕು. ಟಿಕೆಟ್ ಕೈಗೆ ಬಂದ ಮೇಲೆ, ಹೊರಡಲು ವಾರ ಇರುವಾಗ ಬಂದರೆ ಇದರಲ್ಲಿ ಯಾವುದೂ ಹೊಂದುವುದಿಲ್ಲ. ಕಡೇ ಪಕ್ಷ 6 ವಾರ ಮುಂಚೆ ಬನ್ನಿ. ಆ ಸರ್ಟಿಫಿಕೇಟ್, ಅಂದರೆ ಹಳದಿ ಕಾರ್ಡ್, ಕೈಗೆ ಬಂದಾಗ ಕೌಂಟರ್ ಬಿಡುವ ಮೊದಲೇ ನೋಡಿಕೊಳ್ಳಿ: ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇದೆಯಾ, ಬ್ಯಾಚ್ ನಂಬರ್, ಡಾಕ್ಟರ ಸಹಿ, ಸೀಲು, ನಿಮ್ಮ ಸಹಿ ಇವೆಯಾ. ಒಂದು ಅಕ್ಷರ ತಿದ್ದಿದ್ದರೂ ವಿಮಾನ ನಿಲ್ದಾಣದಲ್ಲಿ ಅದನ್ನು ತಿರಸ್ಕರಿಸಬಹುದು.

ಅತಿ ಹೆಚ್ಚು ಜನ ಎಡವುವುದು ಮಲೇರಿಯಾ ತಡೆಯುವ ಮಾತ್ರೆಯಲ್ಲಿ. ವಿಮಾನ ಇಳಿದ ದಿನವೇ ನಿಲ್ಲಿಸಿಬಿಡುತ್ತಾರೆ. ಕೊನೆಯ ದಿನ ಕಚ್ಚಿದ ಸೊಳ್ಳೆಯ ಪರಾವಲಂಬಿ ಆಗಿನ್ನೂ ಯಕೃತ್ತಿನಲ್ಲೇ ಬೆಳೆಯುತ್ತಿರುತ್ತದೆ, ರಕ್ತಕ್ಕೆ ಇಳಿದಿರುವುದಿಲ್ಲ. ಡಾಕ್ಸಿಸೈಕ್ಲಿನ್ ಅದನ್ನು ಹಿಡಿಯುವುದು ರಕ್ತಕ್ಕೆ ಬಂದ ಮೇಲೆ, ಆದ್ದರಿಂದ ಆ ಪ್ರದೇಶ ಬಿಟ್ಟ ನಂತರವೂ 4 ವಾರ ನುಂಗಬೇಕು. ಅಟೊವಕ್ವೋನ್-ಪ್ರೊಗ್ವಾನಿಲ್ ಯಕೃತ್ತಿನ ಹಂತದಲ್ಲೇ ಕೆಲಸ ಮಾಡುವುದರಿಂದ 7 ದಿನ ಸಾಕು. ಹೊರಡುವ ಮುಂಚೆಯೇ ಕೊನೆಯ ಮಾತ್ರೆಯ ತಾರೀಕನ್ನು ಸ್ಟ್ರಿಪ್ಪಿನ ಹಿಂದೆ ಪೆನ್ನಿನಿಂದ ಬರೆದಿಡಿ.